ಅಂಗಳ ತೊಳೆಯೋ ನೀರಿಗೂ ಒಂದು ಇತಿಹಾಸ ಇದೆ

1/7
ಭಾನುವಾರ ಬೆಳಗ್ಗೆ ಜಯನಗರದ ಯಾವ ಕ್ರಾಸ್‌ಗೆ ಬೇಕಾದ್ರೂ ಹೋಗಿ. ಯಾವುದಾದ್ರೂ ಒಂದು ಗೇಟ್ ಹತ್ರ ಪ್ರೆಶರ್ ವಾಷರ್ ಸದ್ದು ಕೇಳುತ್ತೆ. ಪಾಚಿ ಹಿಡಿದು ಕಪ್ಪಾಗಿದ್ದ ಚಪ್ಪಡಿ ಕಲ್ಲು ಎರಡೇ ನಿಮಿಷದಲ್ಲಿ ಹೊಸದರ ಥರ. ರೀಲ್ಸ್‌ಗೆ ಸೂಪರ್ ಕಂಟೆಂಟ್! ಆದ್ರೆ ಆ ಕಲ್ಲು, ಪಕ್ಕದ ಕೆಂಪು ಮೆಟ್ಟಿಲು, ಸುಣ್ಣದ ಗೋಡೆ, ತೇಗದ ಬಾಗಿಲು ಎಲ್ಲವೂ ಒಂದೇ ಕಾಲದ್ದಲ್ಲ. ಅವನ್ನ ತೊಳೆದ ನೀರೂ ಒಂದೇ ಅಲ್ಲ. ಇವತ್ತಿನ ಕಥೆ ಅದೇ. ಸ್ವೈಪ್ ಮಾಡಿ.

2/7 ಕೊಡದ ಕಾಲ
ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಕೆರೆ, ಬಾವಿ, ಕಲ್ಯಾಣಿಗಳೇ ಊರಿನ ಆಸರೆ. ನೀರು ಸೇದಿ ಹೊರಬೇಕಾದಾಗ ಯಾರೂ ಅಂಗಳಕ್ಕೆ ಸುಮ್ಮನೆ ಸುರಿಯಲ್ಲ. ಗುಡಿಸೋದು, ಸಗಣಿ ನೀರು ಚಿಮುಕಿಸೋದು, ಸಾರಿಸೋದು, ರಂಗೋಲಿ ಹಾಕೋದು. ಅರ್ಧ ಬಕೆಟ್‌ನಲ್ಲಿ ಕೆಲಸ ಮುಗೀತಿತ್ತು. ಗೋಡೆಗೆ ಹಬ್ಬಕ್ಕೆ ಮುಂಚೆ ಸುಣ್ಣ, ಬೆಳ್ಳಗೆ ಕಾಣಲಿ ಅಂತ ಅದಕ್ಕೆ ಚೂರು ನೀಲಿ. ಅಂದ್ರೆ ಗೋಡೆಯನ್ನ ತೊಳೀತಾ ಇರಲಿಲ್ಲ, ಹೊಸ ಪದರ ಹಚ್ಚುತ್ತಿದ್ರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಎರಡೂ ಅರ್ಕಾವತಿ ನೀರೇ.

3/7 ಕೆಂಪು ಮೆಟ್ಟಿಲಿನ ಕಾಲ
ಜಯನಗರ ಬಡಾವಣೆ ಶುರುವಾಗಿದ್ದು 1948ರಲ್ಲಿ. ಗವರ್ನರ್ ಜನರಲ್ ಆಗಿದ್ದ ರಾಜಾಜಿ ಅಡಿಗಲ್ಲು ಹಾಕಿದ ಜಾಗವೇ ಅಶೋಕ ಪಿಲ್ಲರ್. ದಿನಾ ಅದರ ಪಕ್ಕದಲ್ಲೇ ಬಸ್ಸಲ್ಲಿ ಹೋಗ್ತೀರಲ್ಲ, ಅದೇ! ಆ ಕಾಲದ ಮನೆಗಳ ಗುರುತು ರೆಡ್ ಆಕ್ಸೈಡ್. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಕೆಂಪು ಪುಡಿ ಬೆರೆಸಿ, ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಿಸೋದು. ಮೇಲಿನ ಆ ಕೆಂಪು ಪದರ ಕೆಲವೇ ಮಿಲಿಮೀಟರ್ ದಪ್ಪ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಗಾಗ ವ್ಯಾಕ್ಸ್ ಪಾಲಿಶ್ ಹಚ್ಚಿದ್ರೆ ಸಾಕು. ವರ್ಷ ಕಳೆದಷ್ಟೂ ಹೊಳೆಯುತ್ತೆ.

4/7 ಪೈಪಿನ ಕಾಲ
1974ರಲ್ಲಿ ಕಾವೇರಿ ಮೊದಲ ಹಂತ ಬಂತು. ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನ ಎತ್ತಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್. ಬನಶಂಕರಿ, ಜೆ.ಪಿ. ನಗರದವರೇ, ಕೊನೆಯ ಪಂಪಿಂಗ್ ಸ್ಟೇಷನ್ ಇರೋ ತಾತಗುಣಿ ನಿಮ್ಮ ಕನಕಪುರ ರಸ್ತೆಯಲ್ಲೇ ಇದೆ! ಮನೆಗೊಂದು ಸಂಪು, ಮೋಟರು, ಓವರ್‌ಹೆಡ್ ಟ್ಯಾಂಕ್ ಬಂದ ಮೇಲೆ ಕೊಡದ ಲೆಕ್ಕ ಮರೆತುಹೋಯ್ತು. ಪೈಪ್ ಹಿಡಿದು ಅಂಗಳ ತೊಳೆಯೋದು ಅಭ್ಯಾಸ ಆಯ್ತು. ಕಾವೇರಿ ಸಾಲದ ಕಡೆ ಬೋರ್‌ವೆಲ್, ಟ್ಯಾಂಕರ್. ಬೋರ್ ನೀರು ಗಡಸು, ಕಲ್ಲಿನ ಮೇಲೆ ಒಣಗಿದ್ರೆ ಬಿಳಿ ಕಲೆ. ಅದನ್ನ ತೆಗೆಯೋಕೆ ಆಸಿಡ್, ಆಸಿಡ್‌ನಿಂದ ಸಿಮೆಂಟ್ ಹಾಳು.

5/7 ಮಷೀನಿನ ಕಾಲ
ಜರ್ಮನಿಯ ಕಾರ್ಷರ್ ಕಂಪನಿ 1950ರಲ್ಲಿ ಬಿಸಿನೀರಿನ ಹೈ ಪ್ರೆಶರ್ ಕ್ಲೀನರ್ ತಂತು. ಮನೆಬಳಕೆಯ ಸಣ್ಣ ಮಾಡೆಲ್ ಬಂದಿದ್ದು 1984ರಲ್ಲಿ. ಈಗ ನಮ್ಮ ಗಲ್ಲಿಯಲ್ಲೂ ಬಾಡಿಗೆಗೆ ಸಿಗುತ್ತೆ. ಫಿಸಿಕ್ಸ್ ನೆನಪು ಮಾಡಿಕೊಳ್ಳಿ: ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ರೆ ನಲ್ಲಿಯಲ್ಲಿ ಒತ್ತಡ ಸುಮಾರು 1 ಬಾರ್. ಈ ಮಷೀನ್‌ನಲ್ಲಿ 100 ಬಾರ್! ಕೊಳೆ ಹೋಗೋದು ಅದಕ್ಕೇ. ಕೊಳೆ ಜೊತೆ ಬೇರೆಯದೂ ಹೋಗೋದು ಅದಕ್ಕೇ.

6/7 ಹಾಗಾದ್ರೆ ಯಾವುದಕ್ಕೆ ಏನು?
▪ ಚಪ್ಪಡಿ, ಸೈಜ್ ಕಲ್ಲು: ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅಂಥ ಕಲ್ಲು ಜೆಟ್‌ಗೆ ಹೆದರಲ್ಲ. ಸಂದಿಯ ಗಾರೆ ಮಾತ್ರ ಕಿತ್ತುಬರುತ್ತೆ, ಹುಷಾರು.
▪ ರೆಡ್ ಆಕ್ಸೈಡ್: ಜೆಟ್ ಬೇಡವೇ ಬೇಡ, ಆಸಿಡ್ಡೂ ಬೇಡ. ಬಿರುಕಿದ್ದ ಕಡೆ ಪದರ ಎದ್ದರೆ ಅದೇ ಬಣ್ಣದ ತೇಪೆ ಹಾಕೋದು ಬಲು ಕಷ್ಟ.
▪ ಸುಣ್ಣದ ಗೋಡೆ: ಮೆತ್ತನೆ ಬ್ರಷ್ಷಲ್ಲಿ ಧೂಳು ತೆಗೆದು ಮತ್ತೆ ಸುಣ್ಣ.
▪ ಮರ: ಜೆಟ್ ಹೊಡೆದ್ರೆ ನಾರು ಏಳುತ್ತೆ. ಹಳೇ ಅರಗಿನ ಪಾಲಿಶ್ ಮೇಲೆ ನೀರು ನಿಂತ್ರೆ ಬಿಳಿ ಮಚ್ಚೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ಮೂರು ದಿನ ಚೆನ್ನಾಗಿ ಒಣಗಿಸಿ. ಹಳೇ ಪಾಲಿಶ್ ಹೋಗೋವರೆಗೂ ಮರದ ಗೆರೆ ಹೋದ ದಿಕ್ಕಲ್ಲೇ ಸ್ಯಾಂಡ್‌ಪೇಪರ್ ಉಜ್ಜಿ. ಆಮೇಲೆ ವುಡ್ ಸ್ಟೇನ್ ತೆಳ್ಳಗೆ ಎರಡು ಸಲ, ಹೆಚ್ಚಾಗಿದ್ದನ್ನ ಒರೆಸಿಬಿಡಿ. ಪೇಂಟ್ ಮೇಲೆ ಕೂರುತ್ತೆ, ಸ್ಟೇನ್ ಒಳಗೆ ಇಳಿಯುತ್ತೆ.

7/7 ಲೆಕ್ಕದ ಕಾಲ
ಮಾರ್ಚ್ 2024 ನೆನಪಿದೆಯಾ? ಬೋರ್‌ಗಳು ಬತ್ತಿದ್ವು. ಕಾರು ತೊಳೆಯೋಕೆ, ಗಾರ್ಡನ್‌ಗೆ, ಕಟ್ಟಡ ಕೆಲಸಕ್ಕೆ ಕುಡಿಯೋ ನೀರು ಬಳಸಿದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ನಿಜ ಹೇಳಬೇಕಂದ್ರೆ ವಾಷರ್ ಪೈಪ್‌ಗಿಂತ ಕಡಿಮೆ ನೀರು ಕುಡಿಯುತ್ತೆ, ಸಣ್ಣ ಮಷೀನ್ ನಿಮಿಷಕ್ಕೆ ಸುಮಾರು 6 ಲೀಟರ್. ಆದ್ರೂ ಅರ್ಧ ಗಂಟೆಗೆ 180 ಲೀಟರ್. ನಗರದಲ್ಲಿ ಒಬ್ಬರಿಗೆ ಒಂದು ದಿನಕ್ಕೆ ಬೇಕು ಅಂತ ಸರ್ಕಾರಿ ಲೆಕ್ಕ 135 ಲೀಟರ್.

ಮಷೀನ್ ಕೆಟ್ಟದ್ದಲ್ಲ. ಕಲ್ಲಿಗೆ ಬಳಸಿ, ಸೋಸಿದ ಮಳೆನೀರಲ್ಲಿ ಬಳಸಿ. ಮಳೆನೀರು ಹಿಡಿಯೋದು ಹೇಗೆ ಅಂತ ನೋಡೋಕೆ ಜಯನಗರ 5ನೇ ಬ್ಲಾಕಲ್ಲೇ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಟ್ರಿಗರ್ ಒತ್ತೋ ಮುಂಚೆ ಎರಡೇ ಪ್ರಶ್ನೆ: ಇದು ಯಾವ ಮೇಲ್ಮೈ? ಇದು ಯಾವ ನೀರು?

ನಿಮ್ಮ ಅಜ್ಜಿ ಮನೆಯಲ್ಲಿ ಕೆಂಪು ಮೆಟ್ಟಿಲು ಇನ್ನೂ ಇದೆಯಾ? ಒಂದೊಂದಾಗಿ ಈ ಮನೆಗಳು ಅಪಾರ್ಟ್‌ಮೆಂಟ್ ಆಗ್ತಿವೆ. ಒಡೆಯೋ ಮುಂಚೆ ಒಂದು ಫೋಟೋ ತೆಗೆದು ಕಳಿಸಿ, ಯಾವ ಬ್ಲಾಕು, ಯಾವ ವರ್ಷದ ಮನೆ ಅಂತ ಬರೆದು. ಮುಂದಿನ ಭಾಗ ಆ ಫೋಟೋಗಳದ್ದೇ.

#ನಮ್ಮಬೆಂಗಳೂರು #ಜಯನಗರ #ಬನಶಂಕರಿ #ರೆಡ್ಆಕ್ಸೈಡ್ #ಕಾವೇರಿ #ಊರಿನಇತಿಹಾಸ