ಕಲ್ಲು, ಗರಿ, ಕಾಗದ: ಅಕ್ಷರದ ಶಿಸ್ತು

ಚೀನಾ ದೇಶದಲ್ಲಿ ಅಕ್ಷರ ಬರೆಯುವುದು ಚಿತ್ರ ಬರೆಯುವುದಕ್ಕೆ ಸಮನಾದ ಕಲೆ. ಕುಂಚ, ಮಸಿ, ಮಸಿ ತೇಯುವ ಕಲ್ಲು, ಕಾಗದ - ಈ ನಾಲ್ಕು ಅಲ್ಲಿನ ವಿದ್ವಾಂಸರ ಕೋಣೆಯ ನಿಧಿಗಳೆನಿಸಿವೆ. ಕಾಗದ ಹೀರಿಕೊಂಡ ಗೆರೆಯನ್ನು ಮತ್ತೆ ಅಳಿಸಲಾಗದು. ಹಾಗಾಗಿ ಕೈ ಆಡುವ ಮೊದಲು ಮನಸ್ಸು ಸ್ಥಿರವಾಗಬೇಕು. ಇಂಥ ಶಿಸ್ತು ನಮ್ಮಲ್ಲಿಯೂ ಇತ್ತೆ? ಉತ್ತರ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರು ಎಂಟು ಮುಖಗಳ ಒಂದು ಕಂಬವಿದೆ. ಅದರ ಶಾಸನವನ್ನು 1894ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಕದಂಬರ ಚರಿತ್ರೆ ತಿಳಿಸುವ ಈ ಸಂಸ್ಕೃತ ಕಾವ್ಯ ಐದನೆಯ ಶತಮಾನದ್ದು. ಸಾಲುಗಳು ಕಂಬದ ಬುಡದಿಂದ ಮೇಲಕ್ಕೆ ಸಾಗುತ್ತವೆ. ಅಕ್ಷರಗಳ ತಲೆಯಲ್ಲಿ ಪುಟ್ಟ ಪೆಟ್ಟಿಗೆಯಂಥ ಆಕಾರವಿದೆ. ಕವಿ ಕುಬ್ಜನು ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದನೆಂದು ಶಾಸನವೇ ಹೇಳುತ್ತದೆ. ಕವಿಯೇ ಲಿಪಿಕಾರನೂ ಆದದ್ದು ಗಮನಾರ್ಹ.

ಕಲ್ಲು ರಾಜರಿಗೆ, ವಿದ್ಯೆಗೆ ಓಲೆಗರಿ. ತಾಳೆಗರಿಯನ್ನು ನೀರಿನಲ್ಲಿ ಬೇಯಿಸಿ, ಒಣಗಿಸಿ, ಉಜ್ಜಿ ನಯಗೊಳಿಸುತ್ತಿದ್ದರು. ಕಂಠವೆಂಬ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆದು, ಮೇಲೆ ಮಸಿ ಸವರಿ ಒರೆಸಿದರೆ ಗೀರುಗಳಲ್ಲಿ ಕಪ್ಪು ಉಳಿಯುತ್ತಿತ್ತು. ಒತ್ತು ಹೆಚ್ಚಾದರೆ ಗರಿ ಸೀಳುತ್ತದೆ, ಕಡಿಮೆಯಾದರೆ ಅಕ್ಷರ ಮೂಡದು. ಕನ್ನಡ ಲಿಪಿ ದುಂಡಗಾಗಲು ಗರಿಯೂ ಒಂದು ಕಾರಣವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಪ್ರತಿ ಮಾಡಿದವರು ಕೊನೆಯಲ್ಲಿ, ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕೆಂದು ಬೇಡುವುದುಂಟು. ಆ ವಿನಯವೂ ಶಿಸ್ತಿನ ಒಂದು ಭಾಗವೇ.

ದಿನನಿತ್ಯದ ಲೆಕ್ಕಪತ್ರಕ್ಕೆ ಇನ್ನೊಂದು ಸಾಧನವಿತ್ತು. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಇದೇ ಕಡತ. ಇದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಕಚೇರಿಯ ಫೈಲಿಗೆ ನಾವು ಇಂದಿಗೂ ಕಡತವೆನ್ನುತ್ತೇವೆ. ಮದುವೆಯ ಕಾಗದ ಇಂದಿಗೂ ಕರೆಯೋಲೆಯೇ. ವಸ್ತು ಮರೆಯಾದರೂ ಮಾತು ಉಳಿದಿದೆ.

ಆಮೇಲೆ ಬಂದದ್ದು ಕಾರ್ಖಾನೆಯ ಕಾಗದ. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಇಂದು ಅಲ್ಲಿ ಉತ್ಪಾದನೆ ನಿಂತಿದೆ. ಬರವಣಿಗೆಯೂ ಬಹುಮಟ್ಟಿಗೆ ಬೆರಳಚ್ಚಿಗೆ ಸರಿದಿದೆ. ಇದರಲ್ಲಿ ಅನುಕೂಲವಿದೆ, ನಿಜ. ಆದರೆ ಹಳೆಯ ಲಿಪಿ ಓದಬಲ್ಲವರು ಕಡಿಮೆಯಾದರೆ, ಅಟ್ಟದ ಮೇಲಿನ ಓಲೆಕಟ್ಟು ಹುಳುವಿನ ಪಾಲಾಗುತ್ತದೆ; ಅದರೊಳಗಿನ ವೈದ್ಯ, ಗಣಿತ, ಕಾವ್ಯಗಳೂ ಅದರೊಡನೆ ಹೋಗುತ್ತವೆ.

ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥ ಓಲೆಗರಿಗಳನ್ನು ಕಾಪಾಡಿದ್ದಾರೆ. ಒಮ್ಮೆ ಹೋಗಿ ನೋಡಿ. ಮನೆಗೆ ಬಂದು ಒಂದು ಪುಟವನ್ನು ಅಳಿಸದೆ, ತಿದ್ದದೆ ಬರೆಯಲು ಯತ್ನಿಸಿ. ಯೋಚಿಸಿ ಬರೆಯುವುದೆಂದರೇನೆಂದು ನಿಮ್ಮ ಕೈಯೇ ನಿಮಗೆ ಹೇಳುತ್ತದೆ.