ಭೂಮಿ ಯೋಜನೆ: ಮಾಹಿತಿ ಭದ್ರತೆ, ನಾಯಕತ್ವ ಮತ್ತು ನೌಕರರು

ಕಚೇರಿಯ ದಾಖಲೆಗಳ ಭದ್ರತಾ ನಿಯಮಗಳನ್ನು ನೌಕರರು ಪಾಲಿಸುವುದು ಮೇಲಿನವರ ನಡೆಯನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆ ಎಂಬುದಕ್ಕೆ ಕರ್ನಾಟಕ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಒಳ್ಳೆಯ ನಿದರ್ಶನ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು (ಜಮೀನಿನ ದಾಖಲೆಗಳು) ಇದರಿಂದ ಕಂಪ್ಯೂಟರಿಗೆ ಬಂದವು. ಪ್ರಯೋಗ ನಡೆದದ್ದು ಚನ್ನಪಟ್ಟಣದ ನೆರೆಯ ಮದ್ದೂರು ತಾಲ್ಲೂಕಿನಲ್ಲಿ.

ಅದಕ್ಕೆ ಮೊದಲು ಪಹಣಿ ಪುಸ್ತಕ ಗ್ರಾಮ ಲೆಕ್ಕಿಗರ ವಶದಲ್ಲಿರುತ್ತಿತ್ತು. ಚನ್ನಪಟ್ಟಣದ ಬಳಿಯ ಕೆಂಗಲ್ ಕಡೆಯ ಹಿಪ್ಪುನೇರಳೆ ಬೆಳೆಗಾರ ಬೆಳೆಸಾಲಕ್ಕೆ ಹೊರಟರೆ, ಹಲವು ಊರುಗಳ ಹೊಣೆ ಹೊತ್ತ ಲೆಕ್ಕಿಗರನ್ನು ಮೊದಲು ಹುಡುಕಬೇಕಿತ್ತು. ಕೈಬರಹದ ಪುಟದಲ್ಲಿ ಹೆಸರೋ ವಿಸ್ತೀರ್ಣವೋ ಬದಲಾದರೆ, ತಿದ್ದಿದವರು ಯಾರೆಂದು ಪತ್ತೆ ಹಚ್ಚುವುದು ಕಷ್ಟ.

ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಯೋಜನೆಯನ್ನು ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಕಂಪ್ಯೂಟರ್ ಕೊಂಡು ತರುವುದು ಇದರಲ್ಲಿ ಸುಲಭದ ಭಾಗ. ಭೂಮಿ ಕೇಂದ್ರ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಸಾರಿದ್ದೇ ನಿರ್ಣಾಯಕ ಹೆಜ್ಜೆ. ಹಳೆಯ ದಾರಿ ತೆರೆದೇ ಇದ್ದಿದ್ದರೆ ಹೊಸ ನಿಯಮ ಕಾಗದದಲ್ಲೇ ಉಳಿಯುತ್ತಿತ್ತು. 2002ರ ವೇಳೆಗೆ ವ್ಯವಸ್ಥೆ 177 ತಾಲ್ಲೂಕುಗಳನ್ನು ಮುಟ್ಟಿತು.

ಭದ್ರತೆಯ ತಿರುಳು ಬೆರಳಚ್ಚಿನಲ್ಲಿತ್ತು. ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳಿಬಿಡಬಹುದು. ಬೆರಳನ್ನು ಹಾಗೆ ಕೊಡಲಾಗದು. ದಾಖಲೆ ತಿದ್ದುವ ನೌಕರರು ಬೆರಳೊತ್ತಿಯೇ ಒಳಹೋಗಬೇಕಿತ್ತು. ಯಾರು ಯಾವ ಬದಲಾವಣೆ ಮಾಡಿದರೆಂಬುದು ಅಲ್ಲೇ ದಾಖಲಾಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಸಾಗುತ್ತಿದ್ದವು. ಕೌಂಟರಿನಲ್ಲಿ ರೈತನ ಕಡೆಗೂ ಒಂದು ಪರದೆ ತಿರುಗಿಸಿಟ್ಟಿದ್ದು ನನ್ನ ಮಟ್ಟಿಗೆ ಇಡೀ ಯೋಜನೆಯ ಅತ್ಯಂತ ಜಾಣತನದ ಏರ್ಪಾಡು: ಮೇಲಧಿಕಾರಿ ಇಲ್ಲದಾಗಲೂ ನೌಕರನ ಕೆಲಸವನ್ನು ನೋಡುವ ಕಣ್ಣೊಂದು ಅಲ್ಲಿರುತ್ತಿತ್ತು.

ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001 ಕೂಡ ನಾಯಕತ್ವಕ್ಕೆ ಪ್ರತ್ಯೇಕ ಅಧ್ಯಾಯ ಮೀಸಲಿಟ್ಟು, ಹೊಣೆಯನ್ನು ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಹೊರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಸರ್ಟ್‌-ಇನ್ (ದೇಶದ ಸೈಬರ್ ಭದ್ರತಾ ಸಂಸ್ಥೆ) ಹೊರಡಿಸಿದ ನಿರ್ದೇಶನದಂತೆ ಸೈಬರ್ ಅವಘಡವನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಬೈಗುಳಕ್ಕೆ ಹೆದರಿ ಗುಮಾಸ್ತರು ಬಾಯಿ ಬಿಡದ ಕಚೇರಿಯಲ್ಲಿ ಇದು ಆಗದ ಮಾತು.

ಭೂಮಿಗೂ ಮಿತಿಗಳಿವೆ. ಹಳೆಯ ಪುಸ್ತಕದ ತಪ್ಪು ಹಾಗೇ ಕಂಪ್ಯೂಟರಿಗೆ ಏರಿದ್ದರೆ ಬೆರಳಚ್ಚು ಅದನ್ನು ತಡೆಯದು. ತಿದ್ದಿದವರು ಯಾರೆಂದು ಅದು ಹೇಳುತ್ತದೆಯೇ ಹೊರತು, ತಿದ್ದಿದ್ದು ನ್ಯಾಯವೇ ಎಂದಲ್ಲ. ಅದನ್ನು ತೀರ್ಮಾನಿಸಲು ತಹಶೀಲ್ದಾರರು ಕಡತ ತೆರೆದು ಓದಲೇಬೇಕು.