ಓಣಿಯ ಒಲವು

ಒಂದು ಓಣಿಯು ವಾಸಕ್ಕೆ ಹಿತವೆನಿಸುವುದು, ಮತ್ತೊಂದು ಬೇಸರ ತರುವುದು. ಇದಕ್ಕೆ ಮನೆಗಳ ಚೆಲುವೊಂದೇ ಕಾರಣವೆಂದರೆ ಇತಿಹಾಸವು ಒಪ್ಪುವುದಿಲ್ಲ. ಇದನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮುರುಮ-ಉಮರ್ಗಾ ಸೀಮೆಯ ಬಡಗಣದಲ್ಲಿರುವ ತೇರಣಾ ಕಣಿವೆಯ ಹಳ್ಳಿಗಳೇ ಸಾಕ್ಷಿ ನುಡಿಯುತ್ತವೆ.

ಈ ಸೀಮೆಯ ಹಳೆಯ ಊರುಗಳು ನೀರಿನ ಆಸರೆಯಲ್ಲಿ ಬೆಳೆದವು. ಒತ್ತೊತ್ತಾದ ಮನೆಗಳು, ಇಕ್ಕಟ್ಟಾದ ಬೀದಿಗಳು; ಕಳ್ಳಕಾಕರ ಭಯವಿದ್ದ ಕಾಲದಲ್ಲಿ ಆ ಇಕ್ಕಟ್ಟೇ ಕಾವಲಾಗಿತ್ತು. ದಪ್ಪನೆಯ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯ ಉರಿಯಲ್ಲೂ ಒಳಗೆ ತಂಪು. ಬಂಧುಗಳು ಅಕ್ಕಪಕ್ಕದಲ್ಲಿದ್ದುದರಿಂದ ಮಗುವನ್ನು ನೋಡಿಕೊಳ್ಳಲು, ಸುಗ್ಗಿಗೆ ಕೈಗೂಡಿಸಲು ಜನರು ಸಿಗುತ್ತಿದ್ದರು. ಆದರೆ ಅದೇ ಊರು ದಲಿತರ ಕೇರಿಯನ್ನು ಹೊರಗಿಟ್ಟಿತ್ತೆಂಬುದನ್ನು ನಾವು ಮರೆಯಲಾಗದು. ಒಬ್ಬರ ಹಿತವು ಇನ್ನೊಬ್ಬರ ದೂರವಾಗಿತ್ತು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವು ನಿಮಿಷ ಮೊದಲು, ಭೂಮಿ ನಡುಗಿತು. ಲಾತೂರು ಜಿಲ್ಲೆಯ ಕಿಲ್ಲಾರಿ, ಅಂದಿನ ಉಮರ್ಗಾ ತಾಲೂಕಿನ ಸಾಸ್ತೂರು ಮೊದಲಾದ ಊರುಗಳು ನೆಲಸಮವಾದವು. ಸರಕಾರದ ಲೆಕ್ಕದಂತೆಯೇ ಸುಮಾರು 8,000 ಜನ ಮಡಿದರು. ಬರಿಯ ಮಣ್ಣಿನ ಗಾರೆಯಲ್ಲಿ ಕೂಡಿಸಿದ ಕಲ್ಲುಗಳು ಬಿಚ್ಚಿಕೊಂಡವು. ಭಾರವಾದ ಮಾಳಿಗೆ ಮಲಗಿದವರ ಮೇಲೆ ಕುಸಿಯಿತು. ತಂಪನ್ನಿತ್ತ ಗೋಡೆಯೇ ಮೃತ್ಯುವಾಯಿತು.

ಬದುಕುಳಿದವರಲ್ಲಿ ಅನೇಕರು ಹಳೆಯ ನೆಲದಲ್ಲಿ ಮತ್ತೆ ಮಲಗಲು ಅಂಜಿದರು. ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯಸರಕಾರವು 52 ಗ್ರಾಮಗಳನ್ನು ಬೇರೆಡೆಗೆ ಸ್ಥಳಾಂತರಿಸಿತು. ಭೂಹಿಡುವಳಿಗೆ ತಕ್ಕಂತೆ 250, 400, 750 ಚದರಡಿಯ ಮನೆಗಳನ್ನು ಹಂಚಲಾಯಿತು. ರಸ್ತೆಗಳು ಅಗಲವಾದವು, ನೇರವಾದವು, ಗಾಳಿ ಬೆಳಕು ಬಂದಿತು, ಜೀವಭಯ ನೀಗಿತು. ಇದು ಸಣ್ಣ ಲಾಭವಲ್ಲ.

ಆದರೂ ಹೊಸ ಊರು ಒಮ್ಮೆಲೇ ಒಲಿಯಲಿಲ್ಲ. ಮನೆಯ ಅಳತೆಯಂತೆ ಸಾಲು ಹಿಡಿದಾಗ ಅನೇಕ ಕಡೆ ಅಣ್ಣನೊಂದು ಮೂಲೆ, ತಮ್ಮನೊಂದು ಮೂಲೆಯಾದರು. ಊರು ಹಲವು ಪಟ್ಟು ಹರಡಿದ್ದರಿಂದ ನೆರೆಯವರ ದನಿ ಕೇಳದಾಯಿತು. ಕ್ರಮೇಣ ಜನರು ಗೋಡೆಯೆತ್ತಿ ಅಂಗಳ ಮಾಡಿಕೊಂಡರು, ಕೊಟ್ಟಿಗೆ ಕಟ್ಟಿದರು, ಗಿಡ ನೆಟ್ಟರು. ಕೊಟ್ಟ ಮನೆಯು ಹೀಗೆ ಅವರ ಕೈಯಿಂದಲೇ ಸ್ವಂತದ್ದಾಯಿತು.

ನೇರವಾದ ಬೀದಿಯೇ ದೋಷವೆಂದು ನಾವು ಹೇಳುವುದಿಲ್ಲ. ಮೊಹೆಂಜೊದಾರೋ ನಗರದ ಹಿರಿಯ ಬೀದಿಗಳೂ ನೇರವಾಗಿದ್ದವು. ಆದರೆ ಅಲ್ಲಿ ಮನೆಗಳ ಬಳಿಯೇ ಬಾವಿಗಳಿದ್ದವು, ಮನೆಯ ಕೊಳೆನೀರಿಗೆ ಚರಂಡಿಗಳಿದ್ದವು. ಬೀದಿಯ ರೇಖೆಗಿಂತಲೂ ಅದರಲ್ಲಿ ಬಾಳುವವರ ನಿತ್ಯದ ಅಗತ್ಯವು ಮುಖ್ಯವಾದುದು.

ಭದ್ರವಾದ ಗೋಡೆ, ಹತ್ತಿರದ ನೀರು, ಕೈಗೆಟಕುವ ಕೆಲಸ, ಕರೆದರೆ ಓಗೊಡುವ ನೆರೆ, ಯಾರನ್ನೂ ಹೊರಗಿಡದ ಮನಸ್ಸು: ಇವು ಕೂಡಿದಲ್ಲಿ ಓಣಿಯು ಒಲವಿನದಾಗುತ್ತದೆ. ಇವುಗಳಲ್ಲಿ ತಮ್ಮ ಓಣಿಗೆ ಯಾವುದಿದೆ, ಯಾವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಹಿರಿಯರನ್ನು ಕೇಳಿ ಬರೆದಿಡಲಿ. ಊರಿನ ಇತಿಹಾಸವು ಅಲ್ಲಿಂದಲೇ ಮೊದಲಾಗುತ್ತದೆ.